ಕುಗ್ಗದ ವಿಂಡೋ

ಜಾತಕ ಹೊಂದಿಸುವ ತಂತ್ರಾಂಶವನ್ನು ಬರೆದುಕೊಟ್ಟಿದ್ದ ಯುವಕನು ಜೋಯಿಸರ ಕಾಲಿಗೆರಗಿ, ತಲೆಯೆತ್ತದೆ ನಿಂತನು.

"ಏನಯ್ಯಾ, ಬೆಳಿಗ್ಗೆಯೇ ಇಂಥ ಮುಖ ಹೊತ್ತು ಬಂದೆ? ನಿನ್ನ ಜಾತಕವನ್ನೂ ನೋಡಬೇಕೇ?" ಎಂದು ಜೋಯಿಸರು ನಕ್ಕರು.

"ನನ್ನಿಂದ ಅಪರಾಧವಾಗಿದೆ, ಗುರುಗಳೇ. ವಿಂಡೋವನ್ನು ಎಷ್ಟು ಬೇಕಾದರೂ ಕುಗ್ಗಿಸಬಹುದಾದಂತೆ ಬಿಟ್ಟಿದ್ದೆ. ಕುಗ್ಗಿಸಿದರೆ ಕೊನೆಯ ಸಾಲು ಮರೆಯಾಗುತ್ತದೆ."

"ಯಾವ ಸಾಲು?"

"ಕುಜದೋಷದ್ದು. ನಿಮ್ಮ ಕಂಪ್ಯೂಟರಿನಲ್ಲಿ ವಿಂಡೋ ಕುಗ್ಗಿಯೇ ಇರುವುದನ್ನು ಮೊನ್ನೆ ಕಂಡೆ. ದೋಷವುಳ್ಳ ಎಷ್ಟು ಹೆಣ್ಣುಮಕ್ಕಳ ಮದುವೆಗೆ ನೀವು ಅರಿಯದೆ ಒಪ್ಪಿಗೆ ಕೊಟ್ಟಿರೋ! ಆ ಪಾಪವೆಲ್ಲ ನನ್ನದು."

ಯುವಕನು ಕಂಪ್ಯೂಟರಿನ ಮುಂದೆ ಕುಳಿತು, ತಿದ್ದಿ ತಂದಿದ್ದ ಹೊಸ ಆವೃತ್ತಿಯನ್ನು ಅಳವಡಿಸಿದನು.

"ಇನ್ನು ಭಯವಿಲ್ಲ. ಕನಿಷ್ಠ ಅಳತೆಯನ್ನು ನಿಗದಿ ಮಾಡಿದ್ದೇನೆ. ಎಳೆದು ನೋಡಿ."

ಜೋಯಿಸರು ಮೌಸ್ ಹಿಡಿದು ವಿಂಡೋವಿನ ಕೆಳ ಅಂಚನ್ನು ಮೇಲಕ್ಕೆಳೆದರು. ಅದು ಕದಲಲಿಲ್ಲ. ಮತ್ತೆ ಎಳೆದರು.

"ಸ್ವಲ್ಪವೂ ಜಗ್ಗದೇನಪ್ಪಾ?"

"ಕೂದಲೆಳೆಯಷ್ಟೂ ಇಲ್ಲ."

"ಸಂಜೆಯೊಳಗೆ ಹಳೆಯದನ್ನೇ ಮತ್ತೆ ಹಾಕಿಕೊಡಲಾಗದೇ? ಅರ್ಚಕರ ಮಗಳ ಜಾತಕ ಬರುವುದಿದೆ. ಪಾಪ, ಬಂದ ಸಂಬಂಧಗಳೆಲ್ಲ ತಪ್ಪಿಹೋಗಿವೆ."

"ಹಳೆಯದೇ? ಅದರಲ್ಲಿ ಸತ್ಯವೇ ಮರೆಯಾಗುತ್ತಿತ್ತಲ್ಲ, ಗುರುಗಳೇ!"

ಜೋಯಿಸರು ಮೌಸಿನಿಂದ ಕೈ ತೆಗೆದು, ದೇವರ ಗೂಡಿನತ್ತ ನೋಡಲಾರದೆ ತಲೆ ತಗ್ಗಿಸಿದರು.

"ಕಣ್ಣಿಗೆ ಬಿದ್ದ ದೋಷವನ್ನು ಹೇಳದೆ ಬಿಡುವುದು ನನ್ನಿಂದಾಗದು, ಮಗೂ. ಅದಕ್ಕೇ ಆ ಹೆಣ್ಣುಮಕ್ಕಳಿಗಾಗಿ, ಅದು ಕಣ್ಣಿಗೇ ಬೀಳದ ಹಾಗೆ ಮಾಡಿಕೊಂಡಿದ್ದೆ."