ಕಪ್ಪು ಮರಳು

ಈ ಭಾನುವಾರವೂ ಆ ಮನುಷ್ಯ ಬಂದು ಮಲಪ್ರಭೆಯ ತಿರುವಿನಲ್ಲಿ ಕುಳಿತಿದ್ದ. ಪ್ಯಾಂಟು ಮೊಣಕಾಲಿನ ತನಕ ಮಡಚಿ, ಹಸಿರು ಪ್ಲಾಸ್ಟಿಕ್ ಬೋಗುಣಿಯಲ್ಲಿ ಮರಳು ತುಂಬಿ, ನೀರಿನಲ್ಲಿ ಗರಗರ ತಿರುಗಿಸುತ್ತಿದ್ದ. ಗೆಣಸಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಪದ್ಮವ್ವ ಕುಡುಗೋಲನ್ನು ಅಲ್ಲೇ ಬಿಸಾಕಿ, ಸೀರೆ ಎತ್ತಿ ಕಟ್ಟಿ ದಂಡೆಗೆ ಇಳಿದಳು. ಇವತ್ತು ಕೇಳಿಯೇ ಬಿಡಬೇಕು.

"ಕಾಯ್ ಶೋಧತಾಯ್?" ಏನು ಹುಡುಕುತ್ತಿದ್ದೀ ಎಂದು ಕೇಳಿದಳು. ಖಾನಾಪುರದ ಕಡೆ ಗುರುತಿಲ್ಲದವರನ್ನು ಮೊದಲು ಮರಾಠಿಯಲ್ಲಿ ಮಾತಾಡಿಸುವುದೇ ರೂಢಿ.

ಅವನು ತಲೆ ಎತ್ತಿ ನಕ್ಕ. "ಬಂಗಾರ ಹುಡುಕಾಕತ್ತೇನ್ರೀ."

ಪದ್ಮವ್ವನ ಮೈ ಉರಿಯಿತು. ಬಂಗಾರ ಹುಡುಕುವವನು ಯಾರಾದರೂ ಹೀಗೆ ಹಲ್ಲು ಬಿಟ್ಟು ಹೇಳುತ್ತಾನೆಯೇ? ಹೋದ ವರ್ಷ ಇಬ್ಬರು ಇದೇ ದಂಡೆಗೆ ಬಂದು, ಹಕ್ಕಿಯ ಫೋಟೋ ತೆಗೆಯುತ್ತೇವೆ ಅಂದಿದ್ದರು. ಮಳೆಗಾಲ ಮುಗಿಯುವುದರೊಳಗೆ ಕೆಳಗಿನ ಹೊಲಗಳಲ್ಲಿ ಕೆಂಪು ಬಣ್ಣ ಬಳಿದ ಸರ್ವೇ ಕಲ್ಲುಗಳು ಎದ್ದು ನಿಂತಿದ್ದವು. ಏತಕ್ಕೆ, ಯಾರಿಗೆ ಎಂದು ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ. "ಬೋಗುಣಿಯವನೂ ಸರ್ವೇದವನ ಇರಬೇಕು, ಬಿಡಬ್ಯಾಡ ನೋಡು," ಎಂದು ನೆಗೆಣ್ಣಿ ಭೀಮಕ್ಕ ಬೆಳಿಗ್ಗೆಯಷ್ಟೇ ಕಿವಿ ಊದಿದ್ದಳು. ಅವಳ ಹೊಲ ಪಕ್ಕದ್ದೇ. ಗಂಡಂದಿರು ಪಾಲಾಗಿ ಬೇರೆಯಾದ ಮೇಲೂ ಇಬ್ಬರಿಗೂ ಬದು ಒಂದೇ, ಹೊಲ ಹೋದೀತೆಂಬ ಭಯವೂ ಒಂದೇ.

"ಯಾರು ಕಳಿಸ್ಯಾರ ನಿಮ್ಮನ್ನ?"

"ಯಾರೂ ಇಲ್ರೀ. ನನ್ನ ಹೆಸರು ಶಿವಲಿಂಗ. ಮನಿ ಬೆಳಗಾವಿ ರಾಮತೀರ್ಥ ನಗರದಾಗ, ಕೆಲಸ ಮಚ್ಛೆ ಕಾರ್ಖಾನ್ಯಾಗ. ಮೊಬೈಲಿನಾಗ ನೋಡಿ ಕಲ್ಯಾಕತ್ತೇನಿ. ಸುಮ್ನ, ಖುಷಿಗೆ."

"ಎಷ್ಟ ಸಿಕ್ಕೈತಿ?"

"ಏನೂ ಸಿಕ್ಕಿಲ್ಲ. ಸಿಗದಿದ್ರೂ ನಡೀತೈತಿ. ವಾರಪೂರ್ತಿ ಮಷೀನಿನ ಸಪ್ಪಳ ಕೇಳಿ ಕಿವಿ ಕೆಟ್ಟು ಹೋಗ್ಯಾವು. ಇಲ್ಲಿ ನೀರಿನ ಸಪ್ಪಳ ಅಷ್ಟ."

ಪೆಟ್ರೋಲು ಸುಟ್ಟುಕೊಂಡು ಬಂದು, ಬಿಸಿಲಲ್ಲಿ ಬೆನ್ನು ಬಗ್ಗಿಸಿ, ಏನೂ ಸಿಗದಿದ್ದರೂ ನಡೆಯುತ್ತದೆ ಎನ್ನುವವನನ್ನು ಪದ್ಮವ್ವ ಈ ಜನ್ಮದಲ್ಲಿ ನೋಡಿರಲಿಲ್ಲ. ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಒಂದು ಕಲ್ಲಿನ ಮೇಲೆ ಕುಳಿತಳು. ಕಾದು ನೋಡಿದರೆ ಯಾವ ಕಳ್ಳತನವೂ ಹೊರಗೆ ಬೀಳಲೇಬೇಕು.

ಅವಳು ಕುಳಿತಿದ್ದು ಅವನಿಗೆ ಸಂತೋಷವೇ ಆದಂತಿತ್ತು. ದೊಡ್ಡ ಬಂಡೆಯ ಹಿಂದೆ, ನೀರಿನ ಸೆಳೆತ ಸತ್ತ ಜಾಗದಲ್ಲಿ ಕೈ ಹಾಕಿ ತಳದ ಮರಳು ತೆಗೆದ. ಹರಳು ಆರಿಸಿ ಎಸೆದ. ಬೋಗುಣಿಯನ್ನು ಅಲ್ಲಾಡಿಸುತ್ತ, ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತ, ಮೇಲಿನ ಬಿಳಿ ಮರಳನ್ನು ಹೊಳೆಗೆ ಬಿಟ್ಟುಕೊಟ್ಟ. "ಬಂಗಾರ ಭಾಳ ಭಾರ ಅಕ್ಕಾರ. ಎಷ್ಟ ತೊಳದ್ರೂ ತಳಾ ಬಿಡಾಂಗಿಲ್ಲ." ಕೊನೆಗೆ ಹುಬ್ಬಿನಷ್ಟು ಕಪ್ಪು ಮರಳು ಉಳಿಯಿತು. ಅದರ ತುದಿಯಲ್ಲಿ ಸಾಸಿವೆಯ ಸಿಪ್ಪೆಯಂಥದ್ದೇನೋ ಮಿನುಗಿತು.

ಶಿವಲಿಂಗ ಅಂಗೈ ಅಡ್ಡ ಹಿಡಿದು ನೆರಳು ಮಾಡಿದ. ಬರೀ ಅಭ್ರಕವಾಗಿದ್ದರೆ ನೆರಳಿನಲ್ಲಿ ಆರಿಹೋಗುತ್ತಿತ್ತು. ಇದು ಆರಲಿಲ್ಲ. ಹಳದಿ ಹಳದಿಯಾಗಿಯೇ ಇತ್ತು.

"ಖರೇ ಐತ್ರೀ!" ಅವನು ಬೋಗುಣಿಯನ್ನು ಅವಳತ್ತ ಓರೆ ಮಾಡಿ ತೋರಿಸಿದ. "ಖರೇ ಬಂಗಾರ ಐತಿ ಅಕ್ಕಾರ!"

ಪದ್ಮವ್ವ ಅವನ ಮುಖವನ್ನೇ ನೋಡಿದಳು. ಹೋಳಿಗೆ ಕಂಡ ಕೂಸಿನ ಮುಖ ಅದು. ಇವನು ಮೊದಲಿನಿಂದಲೂ ನಿಜವನ್ನೇ ಹೇಳುತ್ತಿದ್ದ ಎಂದು ಅವಳಿಗೆ ಆಗ ಹೊಳೆಯಿತು. ಹೊಳೆದದ್ದೇ ತಡ, ಸುಳ್ಳಿಗೆ ಹೆದರಿದ್ದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಅವನು ಮೊಬೈಲ್ ಇದ್ದ ಕಿಸೆಯ ಕಡೆ ನೋಡುತ್ತಿದ್ದ.

"ಒಂಚೂರು ಹಿಡ್ಕೋರಿ, ನನ್ನ ಕೈ ತೊಯ್ದಾವು. ಫೋಟೋ ತೆಗಿತೇನಿ."

"ಫೋಟೋ ಯಾಕ?"

"ನಮ್ಮದೊಂದು ಗ್ರೂಪ್ ಐತ್ರೀ. ಊರೂರಿನ ಮಂದಿ ಅದಾರ. ಜಾಗದ ಹೆಸರು ಸುದ್ದಾ ಹಾಕ್ತೇನಿ, ಎಲ್ಲಾರೂ ಬರ್ತಾರ."

ಅವನು ಬೋಗುಣಿಯನ್ನು ಅವಳ ಕೈಗಿಟ್ಟು ಅಂಗಿಗೆ ಕೈ ಒರೆಸಿಕೊಳ್ಳುವಷ್ಟರಲ್ಲಿ ಪದ್ಮವ್ವನ ಕಣ್ಣ ಮುಂದೆ ದಂಡೆಯ ತುಂಬ ಬೋಗುಣಿಗಳು ಬಂದವು, ಬೋಗುಣಿಗಳ ಹಿಂದೆ ಗಾಡಿಗಳು, ಗಾಡಿಗಳ ಹಿಂದೆ ಗೆಣಸಿನ ಬಳ್ಳಿಯ ನಡುವೆ ಕೆಂಪು ಕಲ್ಲುಗಳು. ಅವಳು ಬೋಗುಣಿಯನ್ನು ಹೊಳೆಗೆ ಬಗ್ಗಿಸಿದಳು. ಕಪ್ಪು ಮರಳು ಹೊಗೆಯಂತೆ ನೀರಿನಲ್ಲಿ ಹರಡಿ ಮಾಯವಾಯಿತು.

"ಕೈ ಜಾರಿತ್ರೀ," ಅಂದಳು.

ಶಿವಲಿಂಗ ನೀರನ್ನು ನೋಡಿದ, ಆಮೇಲೆ ಅವಳನ್ನು. "ಇಲ್ಲ, ಜಾರಲಿಲ್ಲ," ಅಂದ ಮೆಲ್ಲಗೆ. ಬೈಯಲಿಲ್ಲ. ಬೋಗುಣಿ ತೆಗೆದುಕೊಂಡು ದಂಡೆ ಹತ್ತಿ, ಸ್ಕೂಟರಿಗೆ ಕಟ್ಟಿ ಹೊರಟುಹೋದ. ಮಜ್ಜಿಗೆ ಕುಡಿದು ಹೋಗ್ರಿ ಎಂದು ಪದ್ಮವ್ವ ಅನ್ನುವಷ್ಟರಲ್ಲಿ ಸ್ಕೂಟರು ತಿರುವು ದಾಟಿತ್ತು.

ಮುಂದಿನ ಭಾನುವಾರ ಅವನು ಬರಲಿಲ್ಲ. ಆಮೇಲೆಯೂ ಬರಲಿಲ್ಲ. "ಓಡಿಸಿದ್ನಿ," ಎಂದು ಪದ್ಮವ್ವ ಭೀಮಕ್ಕನಿಗೆ ಹೇಳಿದಳು. ಮರಳಿನ ತುದಿಯಲ್ಲಿ ಮಿನುಗಿದ್ದನ್ನು ಮಾತ್ರ ಹೇಳಲಿಲ್ಲ. ಭೀಮಕ್ಕ ಶಭಾಷ್ ಅಂದಳು. ಆದರೆ ಕಳೆ ಕೀಳುವಾಗ, ರೊಟ್ಟಿ ತಟ್ಟುವಾಗ, ಕಣ್ಣು ಮುಚ್ಚಿದಾಗ ಆ ಹಳದಿ ಮಿನುಗು ಬಂದು ಪದ್ಮವ್ವನ ಎದುರಿಗೆ ನಿಲ್ಲುತ್ತಿತ್ತು. ಹೊಳೆಯ ಕಡೆ ಯಾರು ಹೋದರೂ ಅವಳ ಕತ್ತು ಅತ್ತ ತಿರುಗುತ್ತಿತ್ತು.

ಭೀಮಕ್ಕ ಖಾನಾಪುರದ ಸಂತೆಗೆ ಹೋದ ದಿನ ನೋಡಿ, ಪದ್ಮವ್ವ ಹಿಟ್ಟು ನಾದುವ ಪರಾತ ಹಿಡಿದು ಬಂಡೆಯ ಹಿಂದೆ ಇಳಿದಳು. ಮರಳು ತುಂಬಿದಳು, ಅಲ್ಲಾಡಿಸಿದಳು, ಓರೆ ಮಾಡಿದಳು. ಬಿಳಿ ಮರಳು ಹೋಗಿ ಕಪ್ಪು ಉಳಿಯತೊಡಗಿದಾಗ ಹಿಂದೆ ಒಣ ಎಲೆಯ ಸದ್ದಾಯಿತು. ದಂಡೆಯ ಮೇಲೆ, ಸಂತೆಯಿಂದ ಬೇಗನೆ ಮರಳಿದ ಭೀಮಕ್ಕ ಚೀಲ ಹಿಡಿದು ನಿಂತಿದ್ದಳು.

"ಏನವ್ವಾ ಇದು?"

"ಪರಾತ ತೊಳ್ಯಾಕತ್ತೇನಿ."

ಭೀಮಕ್ಕ ಪರಾತದೊಳಗಿನ ಕಪ್ಪು ಮರಳನ್ನು ನೋಡಿದಳು. ನಿಧಾನಕ್ಕೆ ಕೆಳಗೆ ಇಳಿದು ಬಂದು, ಚೀಲವನ್ನು ಪಕ್ಕಕ್ಕಿಟ್ಟು, ಕಲ್ಲಿನ ಮೇಲೆ ಕುಳಿತಳು.

"ತೊಳಿ," ಅಂದಳು. "ನನಗೇನೂ ಅವಸರ ಇಲ್ಲ."