ಕಂಬದ ಪಕ್ಕದ ಫೋಟೋ

"ನೀನು ಇಷ್ಟು ಹತ್ರ ಇದ್ಯಲ್ಲಮ್ಮಾ, ಕೊನೇಲಿ ಅವರು ಏನಾದ್ರೂ ಅಂದ್ರಾ?"

ಮದುಮಗಳ ತಾಯಿ ಆಲ್ಬಮ್ಮಿನ ಒಂದು ಫೋಟೋದ ಮೇಲೆ ಬೆರಳಿಟ್ಟು ಕೇಳಿದರು. ಅದರಲ್ಲಿ ಅವರ ಗಂಡ ಸಭಾಂಗಣದ ಮೂಲೆಯ ಕಂಬಕ್ಕೊರಗಿ ಕೂತಿದ್ದರು. ಹಣೆಯ ಬೆವರ ಹನಿಗಳನ್ನು ಎಣಿಸಬಹುದಿತ್ತು. ಅದಾದ ಸ್ವಲ್ಪ ಹೊತ್ತಿಗೆ ಅವರು ಅಲ್ಲೇ ಪ್ರಾಣ ಬಿಟ್ಟಿದ್ದರು. ಮದುವೆಯ ಗದ್ದಲದಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ.

ಆಲ್ಬಮ್ ತಂದುಕೊಟ್ಟಿದ್ದ ಫೋಟೋಗ್ರಾಫರ್ ಹುಡುಗಿ ಬಗ್ಗಿ ಆ ಫೋಟೋ ನೋಡಿದಳು. ಅವತ್ತು ಅವಳ ಚೀಲದಲ್ಲಿ ಎರಡು ಲೆನ್ಸುಗಳಿದ್ದವು. ಗಿಡ್ಡದ್ದು ಹಾಕಿದರೆ ಜನರ ಎದುರಿಗೇ ಹೋಗಿ ನಿಲ್ಲಬೇಕು, ಅವರ ಮುಖ ಬಿಗಿಯುತ್ತದೆ ಎಂದು ಉದ್ದದ್ದನ್ನೇ ಆರಿಸಿಕೊಂಡಿದ್ದಳು. ಸಭಾಂಗಣದ ಇನ್ನೊಂದು ತುದಿಯಿಂದ ಮದುಮಗಳ ತಂದೆಯ ಮುಖ ಕಂಡಾಗ, ಮಗಳನ್ನು ಕಳಿಸಿಕೊಡುವ ಸಂಕಟವಿರಬೇಕು ಎಂದುಕೊಂಡು ಒಂದು ಫೋಟೋ ತೆಗೆದು, ಕ್ಯಾಮೆರಾವನ್ನು ಮದುಮಗಳತ್ತ ತಿರುಗಿಸಿದ್ದಳು.

ನಿಮ್ಮನ್ನೇ ಕರೆದರು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಾಗಲಿಲ್ಲ.

"ನಾನು ಹತ್ರ ಇರ್ಲಿಲ್ಲಮ್ಮಾ. ಬಾಗಿಲ ಬಳಿ ನಿಂತಿದ್ದೆ. ಈ ಲೆನ್ಸು ದೂರದ್ದನ್ನ ಹತ್ರ ತೋರಿಸುತ್ತೆ, ಅಷ್ಟೇ."

ಆಕೆ ಫೋಟೋದ ಮೇಲಿಂದ ಬೆರಳು ತೆಗೆದರು.

"ನಾನಂತೂ ಬಂದವರನ್ನ ಮಾತಾಡಿಸ್ತಾ ಓಡಾಡ್ಕೊಂಡಿದ್ದೆ," ಎಂದರು. "ಯಾರೋ ಒಬ್ರು ಪಕ್ಕದಲ್ಲಿದ್ರಲ್ಲ ಅಂತ, ಇದನ್ನ ನೋಡಿ ಸಮಾಧಾನ ಮಾಡ್ಕೊಂಡಿದ್ದೆ ಕಣಮ್ಮಾ."