ಬ್ಯಾಬಿಲೋನಿನ ರಕೂನ್

ಬೆಕ್ಕಿಗಿಂತ ದಪ್ಪನೆಯ, ಕಣ್ಣ ಸುತ್ತ ಕಪ್ಪು ಪಟ್ಟಿಯ ರಕೂನ್ ಒಂದು ಮನೆಯೆದುರಿನ ಡ್ರೈವ್‌ವೇ ದಾಟಿ ಹೋದದ್ದೇ ತಡ, ಕಾರು ಹತ್ತಲೆಂದು ಎತ್ತಿದ ಕಾಲನ್ನು ನೀರಜಾ ಕೆಳಗಿಟ್ಟರು. ಕೈಯಲ್ಲಿ, ಆಸ್ಪತ್ರೆಯಲ್ಲಿದ್ದ ಗಂಡನಿಗೆಂದು ಗಂಜಿ ತುಂಬಿದ ಫ್ಲಾಸ್ಕ್ ಇತ್ತು. "ಹಗಲು ಹೊತ್ತಲ್ಲಿ ಇದು ಎಂತಕ್ಕೆ ಅಡ್ಡ ಬಂತು? ಒಳಗೆ ಐದು ನಿಮಿಷ ಕೂತು, ನೀರು ಕುಡಿದು ಹೋಗುವ."

"ಅಮ್ಮಾ, ಇದು ಗುಡ್ ಸೈನ್," ಎಂದಳು ಮಗಳು ಇಂಚರಾ, ಸ್ಟೀರಿಂಗ್ ಹಿಡಿದುಕೊಂಡೇ. ಅವಳು ಯೂನಿವರ್ಸಿಟಿಯಲ್ಲಿ ಓದುತ್ತಿದ್ದುದು ಹಳೆಯ ಬ್ಯಾಬಿಲೋನಿನ ಚರಿತ್ರೆ. "ಅವರು ಇದನ್ನೆಲ್ಲ ಮಣ್ಣಿನ ಹಲಗೆ ಮೇಲೆ ಬರೆದಿಟ್ಟಿದ್ದಾರೆ. ರೋಗಿಯ ಮನೆಗೆ ಹೊರಟವನಿಗೆ ದಾರಿಯಲ್ಲಿ ಕಪ್ಪು ನಾಯಿ ಕಂಡರೆ ರೋಗಿ ಉಳಿಯುವುದಿಲ್ಲ, ಬಿಳಿ ಹಂದಿ ಕಂಡರೆ ಬದುಕ್ತಾನೆ. ರಕೂನ್ ಕಂಡರೆ ಬೇಗ ಮನೆಗೆ ಬರ್ತಾನೆ."

ನೀರಜಾ ನಿಟ್ಟುಸಿರು ಬಿಟ್ಟು ಹತ್ತಿ ಕೂತು ಬೆಲ್ಟ್ ಎಳೆದುಕೊಂಡರು. ಅದನ್ನು ಸಿಕ್ಕಿಸುವ ಮೊದಲೇ ಕೈ ನಿಂತಿತು. ಹೋದ ವರ್ಷ ಅಟ್ಟಕ್ಕೆ ಹೊಕ್ಕ ರಕೂನನ್ನು ಓಡಿಸಲು ಬಂದವನು ಹೇಳಿದ್ದು ನೆನಪಾಗಿತ್ತು.

"ಈ ಪ್ರಾಣಿ ಆ ಕಾಲದಲ್ಲಿ ಅಮೆರಿಕ, ಕೆನಡಾದ ಕಡೆ ಬಿಟ್ಟು ಬೇರೆ ಎಲ್ಲಿಯೂ ಇರಲಿಲ್ಲವಂತೆ. ಬ್ಯಾಬಿಲೋನಿನವರು ಇದನ್ನು ಎಲ್ಲಿ ಕಂಡರು, ಇಂಚರಾ?"

ಹಿಂದೆ ಯಾವ ಗಾಡಿಯೂ ಇರಲಿಲ್ಲ. ಆದರೂ ಇಂಚರಾ ಕನ್ನಡಿಯನ್ನೇ ನೋಡುತ್ತಿದ್ದಳು.

ನೀರಜಾ ಬೆಲ್ಟನ್ನು ಮೆಲ್ಲಗೆ ಕೈಬಿಟ್ಟರು. "ನಿನ್ನೆ ಡಾಕ್ಟರ ರೂಮಿಗೆ ನೀನೊಬ್ಬಳೇ ಹೋಗಿ ಬಂದದ್ದು. ಅಪ್ಪನ ರಿಪೋರ್ಟು ನಾರ್ಮಲ್ ಅಂತ ಹೇಳಿದ್ದು ಡಾಕ್ಟರಾ, ನೀನಾ?"